ಹೆಸರು ಗೊತ್ತು, ನಿನ್ನೆ ಗೊತ್ತಿಲ್ಲ

ಹದಿಹರೆಯದವರ ಕಾದಂಬರಿಗಳಲ್ಲಿ ಈ ಹುಡುಗಿ ಆಗಾಗ ಸಿಗುತ್ತಾಳೆ. ಆಸ್ಪತ್ರೆ ಮಂಚದ ಮೇಲೆ ಕಣ್ಣು ಬಿಡುತ್ತಾಳೆ. ಹೆಸರು ನೆನಪಿಲ್ಲ, ಅಮ್ಮನ ಮುಖ ಗೊತ್ತಿಲ್ಲ. ‘ನಾನು ಯಾರು?’ ಅಂತ ಕೊನೆಯ ಪುಟದವರೆಗೂ ಹುಡುಕುತ್ತಾಳೆ. ನಮ್ಮ ಸಿನಿಮಾಗಳಲ್ಲಂತೂ ಇನ್ನೂ ಸಲೀಸು. ತಲೆಗೆ ಒಂದು ಪೆಟ್ಟು ಬಿದ್ದರೆ ನೆನಪು ಹೋಯ್ತು, ಇನ್ನೊಂದು ಬಿದ್ದರೆ ವಾಪಸ್ ಬಂತು!

ನಿಜವಾದ ಮಿದುಳು ಹೀಗೆ ಆಡುವುದು ತೀರಾ ಅಪರೂಪ. ಅಮೆರಿಕದ ಹೆನ್ರಿ ಮೊಲೈಸನ್ ಅವರನ್ನೇ ನೋಡಿ. 1953ರಲ್ಲಿ ಮೂರ್ಛೆರೋಗ ಕಡಿಮೆ ಮಾಡಲು ಅವರಿಗೆ ಆಪರೇಷನ್ ಆಯಿತು. ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಮಿದುಳಿನ ಎರಡೂ ಬದಿಯಲ್ಲಿದೆ; ಎರಡರಲ್ಲೂ ದೊಡ್ಡ ಪಾಲನ್ನು ತೆಗೆದರು. ಆಮೇಲೆ ಹೊಸದೇನೂ ತಲೆಯಲ್ಲಿ ನಿಲ್ಲಲಿಲ್ಲ. ಈಗಷ್ಟೇ ಮಾತಾಡಿ ಹೋದವರು ಮತ್ತೆ ಒಳಗೆ ಬಂದರೆ ಅವರಿಗೆ ಹೊಸಬರು. ಆದರೆ ಹೆಸರು, ಬಾಲ್ಯ, ತಮಾಷೆಯ ಸ್ವಭಾವ ಎಲ್ಲ ಹಾಗೇ ಇತ್ತು.

ನನ್ನನ್ನು ಜಾಸ್ತಿ ಕಾಡುವುದು ಕೆನಡಾದ ಇನ್ನೊಬ್ಬರ ಕಥೆ. ವಿಜ್ಞಾನಿಗಳು ಅವರನ್ನು ‘ಕೆ.ಸಿ.’ ಎಂದು ಕರೆದರು. 1981ರಲ್ಲಿ, 30ರ ವಯಸ್ಸಿಗೆ, ಬೈಕ್ ಅಪಘಾತ. ಅದಾದ ಮೇಲೆ ಚೆಸ್ ಆಡಲು ಬರುತ್ತಿತ್ತು, ಆದರೆ ಹಿಂದೆ ಆಡಿದ ಒಂದೇ ಒಂದು ಆಟವೂ ನೆನಪಿರಲಿಲ್ಲ. ಮನೆಯವರಿಗೆ ಊರಾಚೆ ಒಂದು ಬೇಸಿಗೆ ಮನೆ ಇದೆ ಅಂತ ಗೊತ್ತು. ನಕ್ಷೆಯಲ್ಲಿ ಅದರ ಜಾಗವನ್ನೂ ತೋರಿಸುತ್ತಿದ್ದರು. ಅಲ್ಲಿ ಕಳೆದ ಒಂದು ದಿನವೂ ಕಣ್ಣ ಮುಂದೆ ಬರುತ್ತಿರಲಿಲ್ಲ. ನಾವು ನಾಲ್ಕನೇ ಕ್ಲಾಸಿನ ಇತಿಹಾಸ ಪಾಠ ಒಪ್ಪಿಸುತ್ತೇವಲ್ಲ, ಅವರಿಗೆ ಸ್ವಂತ ಬದುಕೇ ಹಾಗೆ ಆಗಿತ್ತು.

ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ 1972ರಲ್ಲೇ ಹೇಳಿದ್ದರು: ಸಂಗತಿ ಗೊತ್ತಿರುವುದು ಬೇರೆ, ಅನುಭವಿಸಿದ್ದನ್ನು ನೆನೆಯುವುದು ಬೇರೆ. ಕೆ.ಸಿ. ವಿಷಯದಲ್ಲಿ ಎರಡನೆಯದು ಪೂರ್ತಿ ಅಳಿಸಿಹೋಗಿತ್ತು. ಹಾಗಿದ್ದರೆ ಅವರಿಗೆ ತಾನು ಎಂಥವನು ಅಂತಲೂ ಗೊತ್ತಿರಬಾರದು, ಅಲ್ವಾ? ಅಪಘಾತದ ನಂತರ ಅವರ ಸ್ವಭಾವವೇ ಬದಲಾಗಿತ್ತು. ಮೊದಲಿನಷ್ಟು ಜನರ ಜೊತೆ ಬೆರೆಯುತ್ತಿರಲಿಲ್ಲ. ಟಲ್ವಿಂಗ್ ಕೆ.ಸಿ. ಕೈಗೆ ಗುಣಗಳ ಪಟ್ಟಿ ಕೊಟ್ಟು, ಯಾವುದು ನಿಮಗೆ ಎಷ್ಟು ಒಪ್ಪುತ್ತೆ ಅಂತ ಕೇಳಿದರು. ತಾಯಿಗೂ ಅದೇ ಪಟ್ಟಿ. ಮಗನ ಈಗಿನ ಸ್ವಭಾವದ ಬಗ್ಗೆ ತಾಯಿ ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಹೆಚ್ಚುಕಮ್ಮಿ ತಾಳೆಯಾಯಿತು! ಒಂದು ಘಟನೆಯೂ ನೆನಪಿಲ್ಲದವರು ತಮ್ಮ ಹೊಸ ಸ್ವಭಾವವನ್ನು ಅದು ಹೇಗೋ ಕಲಿತುಕೊಂಡಿದ್ದರು.

‘ನಾನು ಯಾರು’ ಅನ್ನುವ ಪ್ರಶ್ನೆ ಅವರಿಗೆ ಇರಲೇ ಇಲ್ಲ. ಅವರು ತಡವರಿಸುತ್ತಿದ್ದದ್ದು ಬೇರೊಂದು ಪ್ರಶ್ನೆಗೆ. ನಾಳೆ ಏನು ಮಾಡ್ತೀರಿ ಅಂತ ಕೇಳಿದರೆ ಏನೂ ಹೊಳೆಯುತ್ತಿರಲಿಲ್ಲ. ಮನಸ್ಸು ಖಾಲಿ ಅನ್ನುತ್ತಿದ್ದರು. ನಿನ್ನೆಯನ್ನು ನೆನೆಯಲು ಹೋದಾಗಲೂ ಅದೇ ಖಾಲಿ.