ಕರಗಿದ ಕೊಬ್ಬು ಹೋಗೋದಾದರೂ ಎಲ್ಲಿಗೆ?

ಮದುವೆ ದಿನ ಗೊತ್ತಾದ ಕೂಡಲೇ ತೂಕದ ಲೆಕ್ಕ ಶುರು. ಐದು ಕಿಲೋ ಇಳಿಯಬೇಕು, ಹೊಟ್ಟೆ ಒಳಗೆ ಹೋಗಬೇಕು, ಫೋಟೋದಲ್ಲಿ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಕಾಣಬಾರದು. ಸರಿ. ಆದರೆ ಆ ಐದು ಕಿಲೋ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ?

ಕೆಲವರು ಬೆವರಾಗಿ ಹೋಗುತ್ತದೆ ಅನ್ನುತ್ತಾರೆ. ಇನ್ನು ಕೆಲವರಿಗೆ ಅದು ಶೌಚದಲ್ಲಿ ಹೋಗುತ್ತದೆ ಅನ್ನುವ ನಂಬಿಕೆ. ಸ್ವಲ್ಪ ಓದಿಕೊಂಡವರು 'ಉರಿದು ಶಕ್ತಿಯಾಗುತ್ತದೆ' ಅನ್ನುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದೇ ಪ್ರಶ್ನೆಯನ್ನು ಡಾಕ್ಟರುಗಳು, ಆಹಾರ ತಜ್ಞರು ಮತ್ತು ಜಿಮ್ ತರಬೇತುದಾರರ ಮುಂದಿಟ್ಟಿದ್ದರು. ಅವರಲ್ಲೂ ಹೆಚ್ಚಿನವರ ಉತ್ತರ ಶಕ್ತಿ ಅಂತಲೇ. ಶಕ್ತಿ ಸಿಗುವುದು ನಿಜ. ಆದರೆ ವಸ್ತುವೇ ಮಾಯವಾಗಿ ಶಕ್ತಿಯಾಗುವುದಿಲ್ಲ. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಶಕ್ತಿಯಾಗಿ ಮಾರ್ಪಟ್ಟ ವಸ್ತು ಒಂದು ಗ್ರಾಂಗಿಂತ ಕಡಿಮೆ. ನಮ್ಮ ಹೊಟ್ಟೆಯ ಐದು ಕಿಲೋ ಹಾಗೆ ಶಕ್ತಿಯಾದರೆ ಮದುವೆ ಮಂಟಪ ಉಳಿಯುತ್ತದಾ?

ಮೀರ್‌ಮನ್ ಮತ್ತು ಬ್ರೌನ್ 2014ರಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಕೊಬ್ಬು ಅಂದರೆ ಕಾರ್ಬನ್, ಹೈಡ್ರೋಜನ್ ಮತ್ತು ಒಂದಿಷ್ಟು ಆಕ್ಸಿಜನ್, ಅಷ್ಟೇ. ಹತ್ತು ಕಿಲೋ ಕೊಬ್ಬು ಪೂರ್ತಿ ಉರಿಯಲು 29 ಕಿಲೋ ಆಕ್ಸಿಜನ್ ಬೇಕು. ಕೊನೆಗೆ ಬರುವುದು 28 ಕಿಲೋ ಕಾರ್ಬನ್ ಡೈಆಕ್ಸೈಡ್, 11 ಕಿಲೋ ನೀರು. ಇದರಲ್ಲಿ ಕೊಬ್ಬಿನದೇ ಪಾಲು ಎಷ್ಟು ಅಂತ ಪರಮಾಣುಗಳ ಜಾಡು ಹಿಡಿದು ಹೋದರೆ, ಹತ್ತರಲ್ಲಿ 8.4 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಮೂಗು ಬಾಯಿಯಿಂದ ಹೊರಗೆ ಹೋಗಿರುತ್ತದೆ. ಉಳಿದ 1.6 ಕಿಲೋ ಮಾತ್ರ ನೀರು. ಅಂದರೆ ಕೊಬ್ಬು ಇಳಿಸುವ ಮುಖ್ಯ ಅಂಗ ಶ್ವಾಸಕೋಶ!

ದೀಪದ ಎಣ್ಣೆ ತೀರಿದಾಗ ಎಣ್ಣೆ ಎಲ್ಲಿ ಹೋಯಿತು ಅಂತ ಯಾರೂ ನೆಲ ತಡಕುವುದಿಲ್ಲ, ಉರಿದು ಗಾಳಿ ಸೇರಿತು ಅಂತ ಗೊತ್ತು. ಈ ಹೋಲಿಕೆ ನನ್ನದಲ್ಲ. 18ನೇ ಶತಮಾನದಲ್ಲೇ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ ಉಸಿರಾಟವನ್ನು ದೀಪ ಉರಿಯುವುದಕ್ಕೆ ಹೋಲಿಸಿದ್ದ. ಅವನ ಜೊತೆಗಾರ ಸೆಗ್ಯಾನ್ ಮುಖಕ್ಕೆ ಮುಖವಾಡ ಕಟ್ಟಿಕೊಂಡು ಕೂತು, ಕಾಲಿನಲ್ಲಿ ಪೆಡಲ್ ತುಳಿದು ಪ್ರಯೋಗಕ್ಕೆ ಮೈಯೊಡ್ಡಿದ. ತುಳಿದಾಗ ಆಕ್ಸಿಜನ್ ಖರ್ಚು ಏರಿತು. ಆ ಪ್ರಯೋಗದ ಚಿತ್ರ ಬರೆದವಳು ಲಾವೋಸಿಯೆಯ ಹೆಂಡತಿ ಮಾರಿ ಆ್ಯನ್. ಚಿತ್ರದ ಒಂದು ಬದಿಯಲ್ಲಿ ಮೇಜಿನ ಮುಂದೆ ಕೂತು ಅಂಕಿ ಬರೆದುಕೊಳ್ಳುತ್ತಿರುವ ತನ್ನನ್ನೂ ಸೇರಿಸಿದ್ದಾಳೆ. ಮದುವೆಯ ವಿಷಯ ಬಂದಿದೆ, ಅದಕ್ಕೇ ಈ ಜೋಡಿಯನ್ನು ನೆನಪಿಸಿದೆ. 1794ರಲ್ಲಿ ಫ್ರೆಂಚ್ ಕ್ರಾಂತಿಯವರು ಲಾವೋಸಿಯೆಯ ತಲೆ ತೆಗೆದರು.

ಅದಕ್ಕೂ ಹಿಂದೆ ಇಟಲಿಯ ವೈದ್ಯ ಸ್ಯಾಂಟೋರಿಯೋ ಇದ್ದ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಊಟ ಮಾಡಿ, ಸುಮಾರು 30 ವರ್ಷ ತನ್ನನ್ನೇ ತೂಗಿಕೊಂಡ ಪುಣ್ಯಾತ್ಮ. ತಿಂದದ್ದಕ್ಕೂ ಮಲಮೂತ್ರವಾಗಿ ಹೋಗಿದ್ದಕ್ಕೂ ತಾಳೆಯೇ ಆಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ಕಣ್ಣಿಗೆ ಕಾಣದೆ ಎಲ್ಲೋ ಹೋಗುತ್ತಿತ್ತು. 1614ರಲ್ಲಿ ಅದನ್ನು ಪುಸ್ತಕವಾಗಿಯೂ ಬರೆದ. ಈಗಿನವರು ದಿನಕ್ಕೆ ನಾಲ್ಕು ಸಲ ತಕ್ಕಡಿ ಹತ್ತಿದರೆ ನನಗೆ ಅವನೇ ನೆನಪಾಗುತ್ತಾನೆ.

ಈ ಒಂದು ವಿಷಯ ತಲೆಗೆ ಹೋದರೆ ಮಾರುಕಟ್ಟೆಯ ಅರ್ಧ ಸರಕು ಬಿದ್ದುಹೋಗುತ್ತದೆ. ಸೊಂಟಕ್ಕೆ ಬೆವರು ಬೆಲ್ಟ್ ಬಿಗಿದರೆ ಹೋಗುವುದು ನೀರು, ಎರಡು ಲೋಟ ಕುಡಿದರೆ ವಾಪಸ್. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದೂ ಹಾಗೆಯೇ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದರು. ಆಡುವ ಕೈಯಲ್ಲಿ ಮಾಂಸಖಂಡ ಜಾಸ್ತಿ ಇತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡೂ ಕಡೆ ಒಂದೇ. ಹಾಗಂತ ಸುಮ್ನೆ ಜೋರಾಗಿ ಉಸಿರು ಬಿಡುತ್ತಾ ಕೂರಬೇಡಿ, ತಲೆ ಸುತ್ತುತ್ತದೆ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಬೇಕಾದರೆ ಮೊದಲು ಒಳಗೆ ಹುಟ್ಟಬೇಕು. ಮಾಂಸಖಂಡ ದುಡಿದರೆ ಅದು ಜಾಸ್ತಿ ಹುಟ್ಟುತ್ತದೆ.

ಹಾಗಾದರೆ 'ಊಟ ಬಿಟ್ಟೆ, ಒಂದೇ ವಾರಕ್ಕೆ ಮೂರು ಕಿಲೋ ಇಳಿದೆ' ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ, ತಕ್ಕಡಿ ಹೇಳಿದ್ದು ನಿಜವೇ. ಲಿವರ್ ಮತ್ತು ಮಾಂಸಖಂಡದಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ನಿಂತಾಗ ಮೊದಲು ಖರ್ಚಾಗುವುದು ಇದು, ಜೊತೆಗೆ ಅದರ ನೀರೂ ಹೊರಗೆ. ಕರುಳಿನಲ್ಲಿ ಇದ್ದದ್ದೂ ಖಾಲಿ. ಕೊಬ್ಬು ಇಳಿದದ್ದು ತೀರಾ ಸ್ವಲ್ಪ.

ಕೊಬ್ಬಿನ ಲೆಕ್ಕ ನಿಧಾನದ್ದು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲರಿ ಇದೆ. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ. ಮೂರು ತಿಂಗಳಿಗೆ ಹತ್ತಿರ ಹತ್ತಿರ ಆರು ಕಿಲೋ ಅನ್ನಬಹುದು, ಆದರೆ ನಿಜದಲ್ಲಿ ಅಷ್ಟೂ ಆಗುವುದಿಲ್ಲ, ಏಕೆಂದರೆ ತೂಕ ಇಳಿದಂತೆ ದೇಹವೂ ಖರ್ಚು ಕಡಿಮೆ ಮಾಡುತ್ತದೆ. ಅತಿಯಾಗಿ ಉಪವಾಸ ಮಾಡಿದರೆ ಏನಾಗುತ್ತದೆ ಅಂತ 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ 36 ಜನ ಗಂಡಸರ ಮೇಲೆ ಪ್ರಯೋಗ ಮಾಡಿದ. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರ ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಸದಾ ಚಳಿ, ಸಿಡುಕು, ಮಂಕು. ಹೊತ್ತಿಡೀ ಊಟದ್ದೇ ಧ್ಯಾನ, ಕೆಲವರಂತೂ ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಮದುಮಕ್ಕಳಿಗೆ ಬೇಕಾದ ಮುಖಲಕ್ಷಣವಾ ಇದು?

ಎರಡೇ ವಾರ ಉಳಿದಿದ್ದರೆ ಉಪವಾಸ ಬಿಡಿ, ಭಾರ ಎತ್ತುವ ವ್ಯಾಯಾಮ ಶುರು ಮಾಡಿ. ಮೊದಲ ವಾರಗಳಲ್ಲಿ ಮಾಂಸಖಂಡ ಹೆಚ್ಚೇನೂ ಬೆಳೆಯುವುದಿಲ್ಲ, ಆದರೆ ನರಗಳು ಅದನ್ನು ಚೆನ್ನಾಗಿ ದುಡಿಸಲು ಕಲಿಯುತ್ತವೆ. ಹಾಗಾಗಿ ಬಲ ಬೇಗ ಬರುತ್ತದೆ. ಗಂಟೆಗಟ್ಟಲೆ ನಿಂತು ನಗುವ ದಿನಕ್ಕೆ ಬೇಕಾಗುವುದೂ ಅದೇ. ಇನ್ನು ಬಟ್ಟೆ ಹೊಲಿಸುವವರು ಉಪವಾಸದ ವಾರದಲ್ಲಿ ಅಳತೆ ಕೊಡಬೇಡಿ. ಎರಡು ದಿನ ಹೊಟ್ಟೆತುಂಬ ಉಂಡರೆ ಗ್ಲೈಕೋಜನ್ ತನ್ನ ನೀರಿನ ಸಮೇತ ವಾಪಸ್ ಬರುತ್ತದೆ, ಆಮೇಲೆ ಹುಕ್ಕು ಹಾಕಲು ಇಬ್ಬರು ಬೇಕಾಗುತ್ತದೆ.