ಸಾರಾಯಿ ಹೋಯಿತು, ನೈಂಟಿ ಬಂತು

ಬೆಳಿಗ್ಗೆ ಏಳಕ್ಕೆ ಎಷ್ಟೋ ಹಳ್ಳಿಗಳ ಕಿರಾಣಿ ಅಂಗಡಿಯಲ್ಲಿ ಹಾಲಿನ ಜೊತೆಗೆ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ಕೂಲಿಗೆ ಹೊರಟವನು ಏನೂ ಕೇಳದೆ ಕೈ ಚಾಚುತ್ತಾನೆ. ಬೆಲ್ಲದ ಡಬ್ಬದ ಹಿಂದಿನಿಂದ ಮದ್ಯದ 90 ಎಂಎಲ್‌ನ ಟೆಟ್ರಾ ಪ್ಯಾಕ್ ಬರುತ್ತದೆ. ಕೈ ನಡುಗಿ ಹರಿಯಲಾಗದೆ ಮೂಲೆಯನ್ನು ಹಲ್ಲಲ್ಲಿ ಕಚ್ಚುತ್ತಾನೆ. ಲೋಟಕ್ಕೆ ಸುರಿದು, ನೀರು ಬೆರೆಸಿ, ಒಂದೇ ಗುಟುಕಿಗೆ ಮುಗಿಸುತ್ತಾನೆ. ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುತ್ತದೆ. ಅವನ ಮಟ್ಟಿಗೆ ಅದು ಮೋಜಲ್ಲ, ಮದ್ದು.

ಮೊದಲು ಆ ಜಾಗದಲ್ಲಿ ಸಾರಾಯಿ ಪ್ಯಾಕೆಟ್ ಇತ್ತು. ಹರಾಜಿನಲ್ಲಿ ಗುತ್ತಿಗೆ ಹಿಡಿದವರ ಕಾರುಬಾರು ಅದು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ನಿಂತದ್ದು ಸಾರಾಯಿ, ಕುಡಿತವಲ್ಲ.

ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜನ ಸತ್ತರು. ಹಾಗಂತ ಕಳ್ಳಭಟ್ಟಿ ನಿಷೇಧದಿಂದ ಹುಟ್ಟಿದ್ದಲ್ಲ. 1981ರಲ್ಲಿ, ಸಾರಾಯಿ ರಾಜಾರೋಷವಾಗಿ ಸಿಗುತ್ತಿದ್ದಾಗಲೂ, ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಮಂದಿ ಬಲಿಯಾಗಿದ್ದರು. ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್. ಕುಡಿದ ತಕ್ಷಣ ಗೊತ್ತಾಗುವುದಿಲ್ಲ. ಪಿತ್ತಜನಕಾಂಗ ಅದನ್ನು ಫಾರ್ಮಿಕ್ ಆಮ್ಲವಾಗಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಮಾರನೆಯ ದಿನ ಕಣ್ಣು ಮಂಜಾದಾಗಲೇ ಆಸ್ಪತ್ರೆಯ ನೆನಪು. ವಿಚಿತ್ರವೆಂದರೆ, ಈ ವಿಷವನ್ನು ತಡೆಯಲು ವೈದ್ಯರು ಕೊಡುವ ಮದ್ದುಗಳಲ್ಲಿ ಶುದ್ಧ ಎಥನಾಲ್, ಅಂದರೆ ಮಾಮೂಲಿ ಮದ್ಯದಲ್ಲಿರುವ ಆಲ್ಕೋಹಾಲ್ ಕೂಡ ಒಂದು.

ಉಳಿದ ಕುಡುಕರು ರಮ್ಮು, ವಿಸ್ಕಿಯ ಅಗ್ಗದ ಪ್ಯಾಕಿಗೆ ತಿರುಗಿದರು. ಶೇ. 42.8 ಆಲ್ಕೋಹಾಲಿನ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದೂ ಖಾಲಿ ಹೊಟ್ಟೆಗೆ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಪರವಾನಗಿಯೇ ಇಲ್ಲದ ಆ ಕಿರಾಣಿ ಅಂಗಡಿ ವ್ಯಾಪಾರದ ಮೇಲೂ ಅವರಿಗೆ ಸಿಟ್ಟಿತ್ತು. ಬಾರ್‌ಗೆ ಹೋಗಲು ಬಸ್ಸು ಹತ್ತಬೇಕು, ಕಿರಾಣಿ ಅಂಗಡಿ ಮನೆ ಬಾಗಿಲಲ್ಲೇ ಇದೆ.

ಮುಂದಿನ ವರ್ಷ ಲಾಕ್‌ಡೌನ್ ಬಂದು ಮದ್ಯದಂಗಡಿಗಳು 40 ದಿನ ಮುಚ್ಚಿದವು. ನಿತ್ಯ ಕುಡಿಯುವವನು ದಿಢೀರನೆ ಬಿಟ್ಟರೆ ಮೊದಲು ನಡುಕ, ಬೆವರು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಂಡು ಭ್ರಮೆಯೂ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. 'ಮನಸ್ಸು ಗಟ್ಟಿ ಮಾಡ್ಕೋ' ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. ಮೇ 4ಕ್ಕೆ ಬಾಗಿಲು ತೆರೆದಾಗ ಒಂದೇ ದಿನ 45 ಕೋಟಿ ರೂಪಾಯಿ ವ್ಯಾಪಾರವಾಯಿತು.

2024–25ರ ಬಜೆಟ್‌ನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 38,525 ಕೋಟಿ. ತೆರಿಗೆ ಏರಿದಾಗ ಚಟ ಮೈಗೆ ಹತ್ತಿದವನು ಬ್ರಾಂಡ್ ಇಳಿಸುತ್ತಾನೆ, ಇಲ್ಲವೇ ಮನೆಯ ರೇಷನ್ನಿನಲ್ಲಿ ಕಡಿತ ಮಾಡುತ್ತಾನೆ.