ಒಂದೇ ಒಂದು ಮತ ಸಾಲಲಿಲ್ಲ: 1868ರ ವಾಗ್ದಂಡನೆಯ ಹಿನ್ನೆಲೆ

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗಿ ವಾರವಾಗುವಷ್ಟರಲ್ಲಿ, 1865ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಲಿಂಕನ್ ಗುಂಡಿಗೆ ಬಲಿಯಾದರು. ಉಪಾಧ್ಯಕ್ಷ ಆಂಡ್ರೂ ಜಾನ್ಸನ್ ಅಧಿಕಾರಕ್ಕೆ ಬಂದರು. ಕಾಂಗ್ರೆಸ್ (ನಮ್ಮ ಪಕ್ಷವಲ್ಲ, ಅಲ್ಲಿನ ಸಂಸತ್ತು) ಸೇರಬೇಕಿದ್ದದ್ದು ಡಿಸೆಂಬರ್‌ಗೆ. ಅಷ್ಟರೊಳಗೆ ಜಾನ್ಸನ್ ಘೋಷಣೆಗಳ ಮೂಲಕವೇ ದಕ್ಷಿಣದ ರಾಜ್ಯಗಳಿಗೆ ಸರ್ಕಾರ ಕಟ್ಟಿಕೊಟ್ಟರು, ಹಳೆಯ ಜಮೀನ್ದಾರರಿಗೆ ಕ್ಷಮೆ ಕೊಟ್ಟರು. ಆ ಸರ್ಕಾರಗಳು ಮಾಡಿದ ಕಾನೂನು ನೋಡಿ: ಮಿಸಿಸಿಪ್ಪಿಯಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರು ಪ್ರತಿ ಜನವರಿಯಲ್ಲೂ ತಮಗೆ ನೆಲೆಯೋ ಕೆಲಸವೋ ಇದೆಯೆಂದು ಬರಹದಲ್ಲಿ ತೋರಿಸಬೇಕು.

ಡಿಸೆಂಬರ್‌ನಲ್ಲಿ ಸದನ ಸೇರಿದಾಗ ಗುಮಾಸ್ತರು ಹಾಜರಿ ಕೂಗುತ್ತ ದಕ್ಷಿಣದಿಂದ ಆರಿಸಿಬಂದವರ ಹೆಸರುಗಳನ್ನೇ ಬಿಟ್ಟುಬಿಟ್ಟರು. ಹಗ್ಗಜಗ್ಗಾಟ ಅಲ್ಲಿಂದ ಬಿಗಿಯಾಯಿತು. 1866ರ ನಾಗರಿಕ ಹಕ್ಕುಗಳ ಮಸೂದೆಯನ್ನು ಜಾನ್ಸನ್ ತಿರಸ್ಕರಿಸಿದರೆ, ಕಾಂಗ್ರೆಸ್ ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಕಾನೂನು ಮಾಡಿತು. 1867ರ ಮಾರ್ಚ್ 2ರಂದು ದಕ್ಷಿಣದ 10 ರಾಜ್ಯಗಳು 5 ಸೇನಾ ವಲಯಗಳಾದವು. ಸೆನೆಟ್ (ಕಾಂಗ್ರೆಸ್‌ನ ಮೇಲ್ಮನೆ) ಒಪ್ಪದೆ ಮಂತ್ರಿಗಳನ್ನು ತೆಗೆಯುವಂತಿಲ್ಲ ಎಂಬ ಕಾನೂನೂ ಅದೇ ದಿನ ಬಂತು. ಸೈನ್ಯ ಯಾರ ಮಾತು ಕೇಳಬೇಕು ಎಂಬುದೇ ಒಳಗಿನ ಪ್ರಶ್ನೆ. ಹಾಗಾಗಿ ಯುದ್ಧ ಇಲಾಖೆಯ ಮಂತ್ರಿ ಸ್ಟಾಂಟನ್ ಅವರ ಕುರ್ಚಿಗೆ ಅಷ್ಟು ಬೆಲೆ.

1868ರ ಫೆಬ್ರುವರಿ 21ರಂದು ಜಾನ್ಸನ್ ಈ ಸ್ಟಾಂಟನ್‌ರನ್ನು ವಜಾ ಮಾಡಿ, ಆ ಜಾಗಕ್ಕೆ ಲೊರೆಂಜೊ ಥಾಮಸ್ ಎಂಬ ವಯಸ್ಸಾದ ಜನರಲ್‌ರನ್ನು ಕಳಿಸಿದರು. ಸ್ಟಾಂಟನ್ ಕಚೇರಿ ಬಿಟ್ಟು ಕದಲಲಿಲ್ಲ, ರಾತ್ರಿಯೂ ಅಲ್ಲೇ. ಅವರ ದೂರಿನ ಮೇಲೆ ಮರುದಿನ ಬೆಳಗ್ಗೆ ಥಾಮಸ್ ಬಂಧನವಾಯಿತು. ಜಾಮೀನು ಪಡೆದು ಮತ್ತೆ ಬಂದ ಥಾಮಸ್, ಬೆಳಗ್ಗೆಯಿಂದ ಏನೂ ತಿಂದಿಲ್ಲ, ಕುಡಿದಿಲ್ಲ ಎಂದು ಗೊಣಗಿದಾಗ ಸ್ಟಾಂಟನ್ ಹೆಗಲಿಗೆ ಕೈ ಹಾಕಿ ವಿಸ್ಕಿ ತರಿಸಿದರಂತೆ! ಥಾಮಸ್ ಇದನ್ನು ವಿಚಾರಣೆಯಲ್ಲೇ ಹೇಳಿದರು.

ಫೆಬ್ರುವರಿ 24ಕ್ಕೆ ಕೆಳಮನೆ 126–47 ಮತಗಳಿಂದ ಜಾನ್ಸನ್‌ಗೆ ವಾಗ್ದಂಡನೆ ವಿಧಿಸಿತು, ಅಂದರೆ ಹುದ್ದೆಯಿಂದ ಇಳಿಸಲು ಆರೋಪ ಹೊರಿಸಿತು; ತೀರ್ಪು ಸೆನೆಟ್‌ನದ್ದು. ಆರೋಪಗಳು 11, ಹೆಚ್ಚಿನವು ಈ ಕುರ್ಚಿಯದ್ದೇ. ಬಿಡುಗಡೆಯಾದ ಗುಲಾಮರ ಗತಿಯನ್ನು ನೇರವಾಗಿ ಎತ್ತಿದ್ದು ಒಂದೂ ಇಲ್ಲ. ಸೆನೆಟ್‌ನ ವಿಚಾರಣೆ ನೋಡಲು ಟಿಕೆಟ್ ಅಚ್ಚು ಹಾಕಿಸಬೇಕಾಯಿತು. ಮೇ 16ರಂದು ತಪ್ಪಿತಸ್ಥ ಎಂದವರು 35, ಅಲ್ಲ ಎಂದವರು 19; ಇಳಿಸಲು ಬೇಕಿದ್ದದ್ದು ಮೂರನೇ ಎರಡರಷ್ಟು, ಅಂದರೆ 36. ಜಾನ್ಸನ್‌ರನ್ನು ವಿರೋಧಿಸುತ್ತಿದ್ದ ರಿಪಬ್ಲಿಕನ್ ಪಕ್ಷದವರಲ್ಲೇ 7 ಮಂದಿ ಖುಲಾಸೆಯ ಕಡೆ ನಿಂತಿದ್ದರು. ಮೇ 26ರಂದೂ ಅದೇ ಲೆಕ್ಕ ಬಂದಾಗ ಸ್ಟಾಂಟನ್ ಕಚೇರಿ ಖಾಲಿ ಮಾಡಿದರು.

1877ರ ಹೊತ್ತಿಗೆ ಸೈನ್ಯ ಹಿಂದೆ ಸರಿಯಿತು, ಶತಮಾನ ತಿರುಗುವಷ್ಟರಲ್ಲಿ ದಕ್ಷಿಣದ ಕಪ್ಪು ಜನರ ಮತದ ಹಕ್ಕು ಬಹುಪಾಲು ಕಾಗದದ ಮೇಲಷ್ಟೇ ಉಳಿಯಿತು. ಇಷ್ಟೆಲ್ಲ ರಂಪಕ್ಕೆ ನೆಪವಾದ, ಮಂತ್ರಿಗಳನ್ನು ತೆಗೆಯುವಂತಿಲ್ಲ ಎಂಬ ಆ ಕಾನೂನು 1887ರಲ್ಲಿ ರದ್ದಾಯಿತು. ಅದು ಮೊದಲಿಗೇ ಅಸಿಂಧುವಾಗಿತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1926ರಲ್ಲಿ.